ಹಪ್ಪಳ ಕಾಯುವವನು ಮೇಲೆ ನೋಡಬಾರದು

ವಿಮಾನ ಆಕಾಶದಲ್ಲಿ ಎಳೆದು ಹೋಗುವ ಬಿಳಿ ಗೆರೆ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಆದ್ದರಿಂದಲೇ ಅದನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಆದರೆ ಈ ಬೇಸಿಗೆಯಲ್ಲಿ, ಶಿರಸಿಯ ನಮ್ಮ ಮನೆಯ ತಾರಸಿಯ ಮೇಲೆ ಹಲಸಿನ ಹಪ್ಪಳಗಳ ಕಾವಲಿಗೆ ಕೂತಿದ್ದಾಗ ನಾನು ಕಂಡ ಗೆರೆ ನಡುದಾರಿಯಲ್ಲಿ ಮನಸ್ಸು ಬದಲಿಸಿ ಒಂದು ಸುರುಳಿ ಸುತ್ತಿಕೊಂಡಿತ್ತು. ಅಂದು ಸೋಮವಾರ. ಇಲ್ಲ, ವಾರ ಹೇಳಿದರೆ ನೀವು ನಂಬುತ್ತೀರೆಂದು ಹಾಗೆ ಬರೆದೆ. ಯಾವ ವಾರವೋ ನೆನಪಿಲ್ಲ. ನೆನಪು ತೀರಾ ಅಚ್ಚುಕಟ್ಟಾಗಿ ಒದಗಿ ಬಂದಾಗಲೆಲ್ಲ ನನಗೆ ಅದರ ಮೇಲೆ ಗುಮಾನಿ. ಹೀಗಾಗಿ ಈ ವೃತ್ತಾಂತದಲ್ಲಿ ಸಂಶಯಾತೀತವಾದದ್ದು ಹಪ್ಪಳ ಮಾತ್ರ.

ಹಲಸಿನ ಹಪ್ಪಳ ತಿನ್ನುವವರಿಗೆ ಹಗುರ, ಮಾಡುವವರಿಗೆ ಭಾರ. ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ ಒತ್ತುವ ಹೊತ್ತಿಗೆ ಮೈಕೈಯೆಲ್ಲ ಮೇಣ. ನನ್ನ ಹೆಂಡತಿ ಶಾರದೆ ಅಕ್ಕಪಕ್ಕದ ಹೆಂಗಸರನ್ನು ಸೇರಿಸಿಕೊಂಡು ಬೆಳಗಿನಿಂದ ಅದರಲ್ಲೇ ಮುಳುಗಿದ್ದಳು. ಈ ಮಹಾಕಾರ್ಯದಲ್ಲಿ ಗಂಡಸರಿಗೆ ಮೀಸಲಾದ ಏಕೈಕ ಹುದ್ದೆ ಕಾಗೆ ಕಾಯುವುದು. ಅದಕ್ಕೂ ನಾನು ಸಾಲೆನೆಂದು ಅವಳು ಹಪ್ಪಳಗಳ ನಡುವೆ ಒಂದು ಕರಿ ಕೊಡೆ ಬಿಡಿಸಿಟ್ಟಿದ್ದಳು. ಕರಿ ಕೊಡೆ ಕಂಡರೆ ಕಾಗೆ ಹತ್ತಿರ ಸುಳಿಯುವುದಿಲ್ಲ. ಅಂದರೆ ನಿಜವಾದ ಕಾವಲುಗಾರ ಕೊಡೆ; ನಾನು ಅದರ ಮೇಲ್ವಿಚಾರಕ.

ಸುರುಳಿ ಮೂಡಿದ್ದು ಹೆಚ್ಚುಕಡಿಮೆ ನೆತ್ತಿಯ ಮೇಲೆ. ಪಕ್ಕದಲ್ಲೇ ಸೂರ್ಯ. ಕಣ್ಣಿಗೆ ಮರೆ ಬೇಕಾಯಿತು. ಕೈಗೆ ಸಿಕ್ಕಿದ್ದು ಕೊಡೆ. ಅದನ್ನೆತ್ತಿ ಸೂರ್ಯನಿಗೆ ಅಡ್ಡ ಹಿಡಿದು, ಉಳಿದ ಆಕಾಶದಲ್ಲಿ ಆ ಬಿಳಿ ಸುತ್ತು ಹಿಂಜಿದ ಹತ್ತಿಯಂತೆ ಅಗಲವಾಗುವುದನ್ನು ನಾನು ಎಷ್ಟು ಹೊತ್ತು ನೋಡಿದೆನೋ ಕಾಗೆಗಳನ್ನೇ ಕೇಳಬೇಕು. ಅವು ಸಂಸಾರ ಸಮೇತ ಬಂದಿದ್ದವು. ಕಾಗೆ ಕುಕ್ಕಿದ್ದನ್ನು ನಮ್ಮಲ್ಲಿ ತಿನ್ನುವುದಿಲ್ಲವಾದ್ದರಿಂದ ಅವು ರುಚಿ ನೋಡಿ ಬಿಟ್ಟ ಹಪ್ಪಳಗಳೂ ಅವುಗಳ ಪಾಲಿಗೇ ಸಂದವು.

ಮೆಟ್ಟಿಲು ಹತ್ತಿ ಬಂದ ಶಾರದೆ ಕೊಡೆಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಕೇಳಿದಳು: "ಕೊಡೆ ಎತ್ತಿ ಕಾಗೆಗೆ ಎಲೆ ಹಾಕಿದ್ರ ನಿಂಗ?"

ಆಕಾಶ ತೋರಿಸಿದೆ. ಅಷ್ಟರಲ್ಲಿ ಗಾಳಿ ಸುರುಳಿಯನ್ನು ಒರೆಸಿ ಹಾಕಿತ್ತು. ಈ ಮಳೆಗಾಲದಲ್ಲಿ ನನ್ನ ತಟ್ಟೆಗೆ ಹಪ್ಪಳವಿಲ್ಲವೆಂದು ಸ್ಥಳದಲ್ಲೇ ತೀರ್ಪಾಯಿತು. ಮೇಲ್ಮನವಿಗೆ ಒಂದೇ ದಾರಿ ಬಿಟ್ಟಳು: "ಮತ್ಯಾರಾದ್ರೂ ಒಬ್ರು ಸುರುಳಿ ಕಂಡಿದ್ದೆ ಹೇಳ್ಲಿ, ಕೊಡ್ತೆ."

ಜೋರು ಮಳೆಯಲ್ಲಿ ಹಪ್ಪಳವಿಲ್ಲದೆ ಕೂರುವುದು ಎಂಥ ಅನಾಥಸ್ಥಿತಿಯೆಂದು ಬಲ್ಲವರೇ ಬಲ್ಲರು. ಕೂಡಲೇ ಸಾಕ್ಷಿ ಹುಡುಕಲು ಹೊರಟೆ. ಯಲ್ಲಾಪುರದ ಆಚೆ ಇಡಗುಂದಿಯಲ್ಲಿರುವ ಭಾವ, ಅಂದರೆ ಶಾರದೆಯ ಅಣ್ಣ, ಆಕಾಶ ನೋಡುವ ಖಯಾಲಿಯವನು. ಫೋನು ಮಾಡಿದರೆ, ಕಂಡಿದ್ದೇನೆ ಎಂದ. ನಾನು ಹಿಗ್ಗಿ ಫೋನಿನ ದನಿ ದೊಡ್ಡದು ಮಾಡಿ ಶಾರದೆಯ ಮುಂದೆ ಹಿಡಿದೆ. "ಸುರುಳಿಯೂ ಇಲ್ಲೆ, ಗಿರುಳಿಯೂ ಇಲ್ಲೆ ಭಾವ," ಎಂದಿತು ಫೋನು. "ನಿಂಗಳ ಶಿರಸಿ ದಿಕ್ಕಿಗೆ, ಗುಡ್ಡದ ನೆತ್ತಿ ಮೇಲೆ ಸೀದಾ ಗೆರೆ. ಕೋಲು ಇಟ್ಟ ಹಾಂಗೆ."

ತವರಿನ ಸಾಕ್ಷಿ ಪಕ್ಷಪಾತದ್ದೆಂದು ಆಕ್ಷೇಪಿಸಿ, ಸಿದ್ದಾಪುರದ ಕಡೆ ಹೇರೂರಿನಲ್ಲಿರುವ ನನ್ನ ತಂಗಿಯನ್ನು ಕರೆದೆ. ಅವಳು ಇನ್ನೂ ಸತ್ಯವಂತೆ. "ಅಣ್ಣ, ಆನು ಕಂಡಿದ್ದು ಕರಿ ಗೆರೆ. ಮಸಿ ಎಳೆದ ಹಾಂಗಿತ್ತು."

ಒಂದು ವಿಮಾನ, ಮೂರು ತಾಲೂಕು, ಮೂರು ಗೆರೆ. ಅದು ಒಂದೇ ವಿಮಾನ ಎಂಬುದಕ್ಕೂ ನನ್ನಲ್ಲಿ ಆಧಾರವಿಲ್ಲ. ಮೊಬೈಲಿನಲ್ಲಿ ತಡಕಾಡಿ ಒಂದಿಷ್ಟು ಪಾಂಡಿತ್ಯ ಸಂಪಾದಿಸಿದೆ. ಚಳಿಯ ಬೆಳಗಿನಲ್ಲಿ ನಮ್ಮ ಬಾಯಿಂದ ಹಬೆ ಬರುವಂತೆ, ಮೇಲಿನ ಕಡು ಶೀತದಲ್ಲಿ ವಿಮಾನದ ಬಿಸಿಯುಸಿರು ಹೆಪ್ಪುಗಟ್ಟಿ ಗೆರೆಯಾಗುತ್ತದಂತೆ. ಗಾಳಿ ತೇವವಿದ್ದಲ್ಲಿ ಉಳಿದು, ಒಣಗಿದ್ದಲ್ಲಿ ಅಳಿದು ತುಂಡು ತುಂಡಾಗುತ್ತದಂತೆ. ಕೆಳಗೆ ತೆಳು ಮೋಡವಿದ್ದರೆ ಅದರ ಮೇಲೆ ಗೆರೆಯ ನೆರಳು ಬಿದ್ದು ಕಪ್ಪಾಗಿ ಕಾಣುವುದೂ ಉಂಟಂತೆ. ಅಲ್ಲಿಗೆ ತಂಗಿ ಗೆದ್ದಳು. ಸುರುಳಿಗೂ ಕಾರಣಗಳು ಸಿಕ್ಕವು: ಕಡಲಿನ ಕಡೆಯ ಸೇನಾ ವಿಮಾನ ಅಭ್ಯಾಸಕ್ಕೆ ಸುತ್ತು ಹಾಕಿರಬಹುದು, ಮುಂದೆ ದಾರಿ ಬಿಡುವವರೆಗೆ ಕಾಯುತ್ತ ತಿರುಗಿರಬಹುದು, ಪೈಲಟ್ಟಿಗೆ ಕೆಳಗೆ ಹಪ್ಪಳ ಕಂಡಿರಬಹುದು. ಕೊನೆಯದು ನನ್ನ ಸ್ವಂತ ಸಂಶೋಧನೆ. ಆದರೆ ನನ್ನ ಸುರುಳಿ ಇಡಗುಂದಿಯಲ್ಲಿ ಕೋಲಾದದ್ದು ಹೇಗೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಿಜವಾಗಿ ಸುತ್ತಿದ್ದು ವಿಮಾನವೋ, ಬಿಸಿಲಿಗೆ ನನ್ನ ತಲೆಯೋ ಎಂದು ನನಗೇ ಅನುಮಾನ ಹತ್ತಿತು.

ಕೆಲವು ದಿನಗಳ ಮೇಲೆ ಎರಡನೆಯ ಕಂತಿನ ಹಪ್ಪಳ ತಾರಸಿಗೆ ಬಂತು. ಈ ಸಲ ಕೊಡೆಯ ಹಿಡಿಯನ್ನು ಇಟ್ಟಿಗೆಗೆ ಕಟ್ಟಲಾಗಿತ್ತು. ನನ್ನನ್ನು ಕಟ್ಟಿರಲಿಲ್ಲ, ಮೇಲೆ ನೋಡಕೂಡದೆಂಬ ಅಪ್ಪಣೆಯಷ್ಟೇ. ಮಧ್ಯಾಹ್ನಕ್ಕೆ ಮುಂಚೆ ಮಜ್ಜಿಗೆ ತಂದ ಶಾರದೆ ಲೋಟ ಕೊಡುವುದನ್ನು ಮರೆತು ನಿಂತಳು. ತಲೆ ತಗ್ಗಿಸಿ ಕೂತ ನನಗೆ ಕಂಡಿದ್ದು ಅವಳ ಪಾದಗಳು ಮಾತ್ರ. ಹಪ್ಪಳಗಳ ನಡುವಿನ ಅಷ್ಟಗಲದ ಜಾಗದಲ್ಲಿ ಅವು ನಿಧಾನವಾಗಿ, ಬಹಳ ನಿಧಾನವಾಗಿ, ಪೂರ್ತಿ ಒಂದು ಸುತ್ತು ತಿರುಗಿದವು. ಹಪ್ಪಳ ತುಳಿಯಬಾರದೆಂದು ತಿರುಗಿದ್ದೂ ಇರಬಹುದು. ನಾನು ಯಾವುದಕ್ಕೂ ಆಣೆ ಮಾಡಲಾರೆ.

"ಎಂತ ಕಂಡ್ತು?" ಎಂದೆ.

"ಎಂತ ಇಲ್ಲೆ. ಬರೀ ಗೆರೆ," ಎಂದು ಲೋಟ ನನ್ನ ಕೈಗಿಟ್ಟು ಇಳಿದು ಹೋದಳು.

ಊಟಕ್ಕೆ ಕೂತಾಗ ನನ್ನ ಅನ್ನದ ಪಕ್ಕ ಕೆಂಡದಲ್ಲಿ ಸುಟ್ಟ ಒಂದು ಹಪ್ಪಳವಿತ್ತು. ಮುರಿಯುವ ಮೊದಲು ಅದನ್ನೆತ್ತಿ ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದೆ. ಮೇಲಿಂದ ಅಷ್ಟು ದುಂಡಗಿದ್ದದ್ದು, ಅಂಚಿನಿಂದ ನೋಡಿದರೆ, ಇಡಗುಂದಿಯ ಭಾವ ಹೇಳಿದ ಹಾಗೆ, ಕೋಲಿಟ್ಟಂಥ ಸೀದಾ ಗೆರೆ.