ಪಾಠ ಹೇಳುತ್ತಿದ್ದ ಮಡಕೆ

ನನ್ನ ಅತ್ತಿಗೆ ಹಿಲಾರಿಯಾಳ ಆಸ್ತಿಯೆಂದರೆ ಹನ್ನೊಂದು ಮೇಕೆ, ಕಮರಿಯ ಅಂಚಿಗೆ ಅಂಟಿಕೊಂಡಂತಿದ್ದ ಒಂದು ತುಂಡು ಮೆಕ್ಕೆಜೋಳದ ಹೊಲ ಮತ್ತು ಒಂದು ಮಡಕೆ. ನನ್ನ ಅಣ್ಣ ಸತ್ತಾಗ ಅವಳು ಮೂರು ದಿನ ಅತ್ತಿದ್ದಳು. ಮಡಕೆ ಒಡೆದರೆ ಎಷ್ಟು ದಿನ ಅಳುತ್ತೀಯಾ ಎಂದು ನಾನು ಕೇಳುತ್ತಲೇ ಇದ್ದೆ. ಅತ್ತಿಗೆಯನ್ನು ಕೆಣಕದ ಮೈದುನನಿಗೆ ಮೈ ಹುಷಾರಿಲ್ಲ ಅಂದುಕೊಳ್ಳುವ ಜನ ನಾವು.

"ಸುಮ್ಕೆ ಕುಂತ್ಕೊ ಬೌತಿಸ್ತಾ," ಎನ್ನುತ್ತಿದ್ದಳು. "ನಿನ್ ತಲೇಗಿಂತ ಅದ್ರಾಗೆ ಬುದ್ಧಿ ಜಾಸ್ತಿ ಐತೆ."

ಮಾತು ಸುಳ್ಳಲ್ಲ. ಹೊಲದ ಕಳೆ ತೆಗೆಯಲು ಹತ್ತು ಜನ ಬರಬೇಕೆಂದರೆ ಮೊಳಕೆ ಜೋಳದ ಹೆಂಡ ಕಾಯಿಸಿಟ್ಟಿರಬೇಕು. ಕಾಯಿಸುವುದು ಯಾರಿಗಾದರೂ ಬರುತ್ತದೆ. ಅದನ್ನು ಹುಳಿ ಬರಿಸಿ ಉಕ್ಕಿಸುವುದು ಮಡಕೆಯ ಕೆಲಸ. ಚೆನ್ನಾಗಿ ಉಕ್ಕಿಸಲು ಕಲಿತ ಮಡಕೆಯನ್ನು ನಾವು ಜನ್ಮದಲ್ಲಿ ತೊಳೆಯುವುದಿಲ್ಲ. ಹೊಸ ಮಡಕೆಯನ್ನು ಅದರ ಪಕ್ಕದಲ್ಲಿಟ್ಟರೆ ಅದೂ ಕಲಿಯುತ್ತದೆ. ಹಿಲಾರಿಯಾಳ ಮಡಕೆ ನನ್ನ ಅಮ್ಮನ ಮಡಕೆಯ ಪಕ್ಕ ಕೂತು ಕಲಿತದ್ದು. ಅದರ ಹೆಂಡಕ್ಕೆ ಜನ ಎರಡು ಗುಡ್ಡ ಹತ್ತಿ ಇಳಿದು ಬರುತ್ತಿದ್ದರು. ಬೇರೆಯವರ ಹೆಂಡ ಕುಡಿದವರು ಅರ್ಧ ಸಾಲಿಗೇ ಗುದ್ದಲಿ ಬಿಸಾಕಿ ಮನೆಗೆ ಹೋಗುತ್ತಿದ್ದರು.

ತೊರೆಯಾಚೆಯ ನಿಕನೋರಾ ಒಂದು ವರ್ಷ ತನ್ನ ಹೊಸ ಮಡಕೆಯನ್ನು ತಂದು ಇದರ ಪಕ್ಕದಲ್ಲಿಟ್ಟಿದ್ದಳು. ಹಿಲಾರಿಯಾ ಬೇಡವೆನ್ನಲಿಲ್ಲ. ಆದರೆ ಆಮೇಲೆ ಕುಡಿಯಲು ಕೂತಲ್ಲೆಲ್ಲ ಅದೇ ಮಾತು. "ನಿಕನೋರಾ ಮಡ್ಕೆಗೆ ನನ್ ಮಡ್ಕೆ ಪಾಠ ಹೇಳ್ಕೊಟ್ಟೈತೆ. ನಿಕನೋರಾಗೆ ಹೇಳ್ಕೊಡೋಕೆ ಮಾತ್ರ ಅದ್ರ ಕೈಲೂ ಆಗಾಕಿಲ್ಲ." ಐದು ವರ್ಷ ಹೇಳಿದಳು. ಆರನೆಯ ವರ್ಷ ನಿಕನೋರಾ ಕಳೆಗೆ ಬರುವುದನ್ನೇ ಬಿಟ್ಟಳು.

ಹೀಗಿರುವಾಗ, ಕಳೆ ಮೊಣಕಾಲುದ್ದ ಬೆಳೆದ ಸಮಯಕ್ಕೆ ಸರಿಯಾಗಿ, ನಮ್ಮನ್ನು ಕಂಡುಹಿಡಿಯಲು ಒಬ್ಬ ಚಬೋಚಿ ಬಂದ. ಮುಖದಲ್ಲಿ ಗಡ್ಡ ಹೊತ್ತು ಬರುವ ಹೊರಗಿನವರಿಗೆಲ್ಲ ನಾವು ಹಾಗೇ ಅನ್ನುವುದು. ಇವನ ಹೆಸರು ಥರ್ಲೋ. ಎರಡು ಹೇಸರಗತ್ತೆ, ಒಂದು ಕ್ಯಾಮೆರಾ, ಸುರುಳಿ ಸುರುಳಿ ಹಗ್ಗ. ನಾವು ದಿನಾ ಮೇಕೆ ಹೊಡೆದುಕೊಂಡು ಹೋಗುವ ದಾರಿಯಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ದೇವರ ಹೆಸರು ಹೇಳಿಕೊಂಡು ಇಳಿದ. ಸೌದೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಅವನು ಇಳಿದು ಮುಗಿಯುವವರೆಗೆ ಮೇಲೆ ಕಾದು ನಿಲ್ಲಬೇಕಾಯಿತು.

ನಮ್ಮಲ್ಲಿ ಯಾರ ಮನೆಗೆ ಹೋದರೂ ಮೂವತ್ತು ಹೆಜ್ಜೆ ಆಚೆಯೇ, ಮನೆಗೆ ಬೆನ್ನು ಹಾಕಿ ಕೂರಬೇಕು. ಮನೆಯವರು ಮನಸ್ಸಾದಾಗ ಬಂದು ಮಾತಾಡಿಸುತ್ತಾರೆ. ಮನಸ್ಸಾಗದಿದ್ದರೆ ಎದ್ದು ಹೋಗಬೇಕು. ಥರ್ಲೋ ಸೀದಾ ಹಿಲಾರಿಯಾಳ ಬಾಗಿಲಿಗೆ ಹೋಗಿ ತಲೆಯನ್ನು ಒಳಗೆ ತೂರಿಸಿ ಹಲ್ಲು ಕಿರಿದ. ಅವಳು ಹಿಂಬಾಗಿಲಿನಿಂದ ಹೊರಬಿದ್ದು, ಹಿತ್ತಲ ಮೋಟುಗೋಡೆ ಹಾರಿ ಮೇಕೆಗಳ ನಡುವೆ ಹೋಗಿ ಕೂತಳು. ಇದು ಅಂಜುಬುರುಕ ಜನಾಂಗ ಎಂದು ಅವನು ಪುಸ್ತಕದಲ್ಲಿ ಬರೆದುಕೊಂಡ.

ಮರದ ಮಿಲ್ಲಿನಲ್ಲಿ ಮೂರು ವರ್ಷ ದುಡಿದ ನನಗೆ ಸ್ಪ್ಯಾನಿಷ್ ಬರುತ್ತಿತ್ತು. ಕೂರುವ ಪದ್ಧತಿ ಹೇಳಿಕೊಟ್ಟೆ. ಮರುದಿನ ಕೂತ ನಿಜ, ಆದರೆ ಮನೆಯ ಕಡೆಗೇ ಮುಖ ಮಾಡಿ.

"ನರಿ ಕೋಳಿಗೂಡ್ ನೋಡ್ದಂಗೆ ನೋಡ್ತಾವ್ನಲ್ಲೋ," ಎಂದಳು ಹಿಲಾರಿಯಾ.

"ನಿನ್ನೇ ನೋಡ್ತಿರ್ಬೇಕತ್ಗೆ. ಅವ್ರ ಊರ್ನಾಗೆ ಮುದ್ಕೀರು ಸಿಗಾಕಿಲ್ವೇನೋ."

ಜೋಳದ ದಿಂಡೊಂದು ನನ್ನ ಕಿವಿಯ ಪಕ್ಕದಿಂದ ಹಾರಿಹೋಯಿತು. ಆದರೂ ಹಸಿದವನಿಗೆ ಇಲ್ಲವೆನ್ನುವವಳಲ್ಲ ಅವಳು. ನಾಲ್ಕು ದಿನ ರೊಟ್ಟಿ, ಹುರುಳಿಕಾಯಿ ಬೀಜದ ಸಾರು ಹಾಕಿದಳು. ಅಷ್ಟರಲ್ಲಿ ಹೆಂಡಕ್ಕೆಂದು ನೆನೆಸಿಟ್ಟ ಜೋಳ ಮೊಳಕೆಯೊಡೆದಿತ್ತು. ಇನ್ನು ನಾಲ್ಕು ದಿನಕ್ಕೆ ಕಳೆಗೆ ಬನ್ನಿ ಎಂದು ಜನರಿಗೆ ಹೇಳಿಯೂ ಆಗಿತ್ತು.

ಉಂಡ ಋಣ ತೀರಿಸಬೇಕೆಂದು ಆ ಪುಣ್ಯಾತ್ಮನಿಗೆ ಅನ್ನಿಸಿತಂತೆ. ಹಿಲಾರಿಯಾ ಮೇಕೆ ಮೇಯಿಸಲು ಹೋಗಿದ್ದಳು. ನಾನು ಅವಳ ಅಂಗಳದ ಮೋಟುಗೋಡೆಯ ಮೇಲೆ ಕೂತು ಚಪ್ಪಲಿಗೆ ಬಾರು ಪೋಣಿಸುತ್ತಿದ್ದೆ. ಥರ್ಲೋ ಮಡಕೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನನ್ನ ಮುಂದೆಯೇ ತೊರೆಗೆ ಹೋದ. ಒಬ್ಬ ಒಂದು ಕೆಲಸಕ್ಕೆ ಹೊರಟರೆ ಎಲ್ಲಿಗೆ, ಏಕೆ ಎಂದು ನಾವು ಕೇಳುವವರಲ್ಲ. ಅವನ ಕೆಲಸ ಅವನದು. ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ತೊರೆಯಲ್ಲಿ ಬಿಳಿ ನೊರೆ ತೇಲಿ ಬಂತು.

ಓಡಿದೆ. ಮರಳು ಹಾಕಿ ಉಜ್ಜಿ, ಸೋಪು ಹಚ್ಚಿ, ಮೂರು ಸಲ ತೊಳೆದಿದ್ದ. ನನ್ನ ಅಮ್ಮನ ಕಾಲದಿಂದ ಕೂತಿದ್ದ ಕರಿ ಪದರ ಒಂದು ಚೂರೂ ಉಳಿದಿರಲಿಲ್ಲ. "ಇನ್ನು ನಿಮಗೆ ಕಾಯಿಲೆ ಬರುವುದಿಲ್ಲ," ಎಂದ ಮಹಾನುಭಾವ.

ಹಿಲಾರಿಯಾ ಬಂದವಳು ಮಡಕೆಯೊಳಗೆ ಮೂಗಿಟ್ಟು ಬಹಳ ಹೊತ್ತು ನಿಂತಳು.

"ಹೂವಿನ್ ವಾಸ್ನೆ ಬತ್ತೈತೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನೆಲ್ಲಿದ್ದೆ?"

"ಇಲ್ಲೇ ಕುಂತಿದ್ದೆ."

"ಕೇಳ್ಲಿಲ್ವಾ?"

"ಅವ್ನ ಕೆಲ್ಸ ಅಂದ್ಕಂಡೆ."

ಅವಳು ಬಯ್ಯಲಿಲ್ಲ. ನನ್ನ ಜಾಗದಲ್ಲಿದ್ದಿದ್ದರೆ ಅವಳೂ ಕೇಳುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಮರುದಿನ ಬೆಳಿಗ್ಗೆ ಥರ್ಲೋ ಹೊರಟಾಗ ಅವಳು ಮಡಕೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ತನ್ನ ಅಗಲಿಕೆಗೆ ಎಂದುಕೊಂಡು ಅವನು ಕಣ್ಣೊರೆಸಿಕೊಂಡು ಫೋಟೊ ತೆಗೆದ. ಎರಡು ವರ್ಷದ ಮೇಲೆ ಮೇಷ್ಟರು ಒಂದು ಪತ್ರಿಕೆ ತಂದು ತೋರಿಸಿದರು. ಅದೇ ಫೋಟೊ. ಕೆಳಗೆ, "ಹೊರಗಿನವರ ಕೈ ಇನ್ನೂ ಸೋಕದ ಜನ" ಎಂದು ಬರೆದಿತ್ತಂತೆ.

ಕಳೆಗೆ ಮೂರು ದಿನ ಉಳಿದಿತ್ತು. ಹೆಂಡ ಉಕ್ಕದಿದ್ದರೆ ಜನ ನಿಲ್ಲುವುದಿಲ್ಲ, ಜನ ನಿಲ್ಲದಿದ್ದರೆ ಆ ವರ್ಷ ಹಿಲಾರಿಯಾಳ ಮನೆಯಲ್ಲಿ ಜೋಳವಿಲ್ಲ. ಅಮ್ಮನ ಮಡಕೆ ಯಾವತ್ತೋ ಒಡೆದು ಹೋಗಿತ್ತು. ಅದರ ವಿದ್ಯೆ ಉಳಿದಿದ್ದ ಮಡಕೆ ಇಡೀ ಕಣಿವೆಯಲ್ಲಿ ಒಂದೇ ಒಂದು. ಹಿಲಾರಿಯಾ ಮಡಕೆಯನ್ನು ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ತೊರೆ ದಾಟಿದಳು. ನಾನು ಹಿಂದೆ ಹೋದೆ.

ನಿಕನೋರಾಳ ಮನೆಗೆ ಬೆನ್ನು ಹಾಕಿ ಇಬ್ಬರೂ ಕೂತೆವು. ನಿಕನೋರಾ ಹೊರಗೆ ಬಂದು ಕೋಳಿಗೆ ಕಾಳು ಹಾಕಿ ಒಳಗೆ ಹೋದದ್ದು ಕೇಳಿಸಿತು. ಮತ್ತೆ ಬಂದು ಬೀಜ ಹರವಿ ಹೋದಳು. ಮತ್ತೆ ಬಂದು ಏನೂ ಮಾಡದೆ ನಿಂತು ಹೋದಳು. ಬಿಸಿಲು ನೆತ್ತಿಗೆ ಬಂದು ಇಳಿಯಿತು.

"ಎದ್ದೋಗಾಣ ಅತ್ಗೆ," ಎಂದೆ.

"ಕುಂತ್ಕೊ."

ನೆರಳು ಉದ್ದವಾದಾಗ ನಿಕನೋರಾ ಬಂದು ನಮ್ಮ ಮುಂದೆ ನಿಂತು ಮೂಗು ಮುರಿದಳು.

"ಏನಿದು ವಾಸ್ನೆ?"

"ಸೋಪು," ಎಂದಳು ಹಿಲಾರಿಯಾ.

"ಊರಿಗೆಲ್ಲ ಪಾಠ ಹೇಳ್ತಿತ್ತಲ್ಲ, ಅದೇ ಮಡ್ಕೆನಾ ಇದು?"

"ಅದೇ. ಎಲ್ಲಾ ಮರ್ತೋಗೈತೆ. ನಿಂದ್ರ ಪಕ್ಕ ಇಟ್ಕೊ ನಿಕನೋರಾ."

ನಿಕನೋರಾ ಮಡಕೆಯನ್ನು ಒಳಗಿಟ್ಟು ಬಂದಳು. ಹಿಲಾರಿಯಾ ಏಳಲು ಹೊರಟಳು.

"ನೀನೆಲ್ಗೆ ಎದ್ದೆ?" ಎಂದಳು ನಿಕನೋರಾ. "ಮಡ್ಕೆ ಬೆಳಗಾಗೋದ್ರೊಳ್ಗೆ ಕಲ್ತ್ಕೊಳ್ಳುತ್ತೆ. ನಿಂಗಿನ್ನೂ ಒಸಿ ಹೊತ್ತು ಬೇಕು. ಕುಂತಿರು."

ಜನ್ಮದಲ್ಲಿ ಒಂದು ಮಾತಿಗೂ ಎದುರುತ್ತರ ಬಾಕಿ ಉಳಿಸದ ನನ್ನ ಅತ್ತಿಗೆ ಬಾಯಿ ಮುಚ್ಚಿಕೊಂಡು ಕೂತಳು. ನಿಕನೋರಾ ಒಳಗೆ ಹೋಗಿ ಸೋರೆ ಬುರುಡೆಯ ತುಂಬ ಹೆಂಡ ತಂದು ಅವಳ ಕೈಗಿಟ್ಟು, ತಾನೂ ಪಕ್ಕದಲ್ಲಿ ತನ್ನದೇ ಮನೆಗೆ ಬೆನ್ನು ಹಾಕಿ ಕೂತಳು.

ಹಿಲಾರಿಯಾ ಕುಡಿದು ಬಾಯಿ ಒರೆಸಿಕೊಂಡಳು. "ನಂದಕ್ಕಿಂತ ಚೆನ್ನಾಗೈತೆ," ಎಂದಳು.

"ಗೊತ್ತು," ಎಂದಳು ನಿಕನೋರಾ. "ಕಳೆಗೆ ನಾನೂ ಬತ್ತೀನಿ."

ಬುರುಡೆ ಅವರಿಬ್ಬರ ನಡುವೆಯೇ ಓಡಾಡಿತು. ನನ್ನ ಕಡೆಗೆ ಒಂದು ಸಲವೂ ಬರಲಿಲ್ಲ. ಬಾಯಿ ಒಣಗಿತ್ತು, ಕೇಳಬಹುದಿತ್ತು. ಆದರೆ ಕಣ್ಣೆದುರೇ ಮಡಕೆ ಹೊತ್ತುಕೊಂಡು ಹೋದವನನ್ನು ಕೇಳದವನು ಈಗ ಯಾವ ಬಾಯಲ್ಲಿ ಕೇಳಲಿ?