ಅವ್ವ ಇಂಜಿನ್ ತಿರುಗಿಸಿದ ಮಾಗಿ

ಆಗಿನ್ನೂ ಬಿ.ದುರ್ಗದ ಹೆಂಗಸರು ಹೊತ್ತು ಅಳೆಯುತ್ತಿದ್ದದ್ದು ಹಿಟ್ಟಿನ ಗಿರಣಿಯ ಸದ್ದಿನ ಮೇಲೆ. ಟುಕ್ ಟುಕ್ ಶುರುವಾಯಿತೆಂದರೆ ಒಲೆಯ ಮೇಲಿದ್ದ ಎಸರು ಇಳಿಸಿ, ಜೋಳದ ಪುಟ್ಟಿ ಸೊಂಟಕ್ಕೇರಿಸಿ ಹೊರಡುತ್ತಿದ್ದರು. ಊರಿಗೆ ಕರೆಂಟು ಬಂದಿತ್ತು, ಗಿರಣಿ ಕಲ್ಲು ತಿರುಗಿಸುವಷ್ಟು ಬಂದಿರಲಿಲ್ಲ. ಕಲ್ಲು ತಿರುಗಿಸುತ್ತಿದ್ದದ್ದು ಡೀಸೆಲ್ ಇಂಜಿನ್ನು, ಅದನ್ನು ಎಬ್ಬಿಸುತ್ತಿದ್ದವನು ನಮ್ಮಪ್ಪ. ಗಿರಣಿ ಹೊಳಲ್ಕೆರೆಯ ಸಾಹುಕಾರರೊಬ್ಬರದು. ಅದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ.

ಗಿರಣಿ ಪಕ್ಕ ಬೆಳೆದವರಿಗೆ ನಾನೇನು ಹೇಳಲಿ. ಕಲ್ಲಿನಿಂದ ಆಗಷ್ಟೇ ಇಳಿದ ಹಿಟ್ಟಿನೊಳಗೆ ಮೊಣಕೈವರೆಗೂ ಕೈ ತೂರಿಸಿ ಬೆಚ್ಚಗೆ ಕೂರುವುದೇ ಮಾಗಿಯಲ್ಲಿ ನಮ್ಮ ಆಟ. ಇಂಜಿನ್ನು ತಣಿಸಿ ಬಂದ ಬಿಸಿನೀರು ತೊಟ್ಟಿಗೆ ಬೀಳುತ್ತಿತ್ತು, ಅದರಲ್ಲೇ ನಮ್ಮ ಸ್ನಾನ. ಡೀಸೆಲ್ ವಾಸನೆಗೆ ಸ್ಕೂಲಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೂ ಸೌದೆ ಉಳಿಯಿತಲ್ಲ ಎಂದು ಅಜ್ಜಿಗೆ ಸಮಾಧಾನ.

ಆ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರಲಿಲ್ಲ. ಒಬ್ಬರು ಹ್ಯಾಂಡಲ್ ಹಾಕಿ ಭಾರದ ಚಕ್ರ ತಿರುಗಿಸಬೇಕು, ಇನ್ನೊಬ್ಬರು ಮೇಲಿನ ಚಿಕ್ಕ ಹಿಡಿಯೊಂದನ್ನು ಎತ್ತಿ ಹಿಡಿದಿರಬೇಕು. ಹಿಡಿ ಎತ್ತಿರುವಷ್ಟು ಹೊತ್ತು ಒಳಗಿನ ಗಾಳಿ ಹೊರಕ್ಕೆ ಹೋಗುತ್ತಾ ಚಕ್ರ ಸಲೀಸಾಗಿ ತಿರುಗುತ್ತದೆ. ಬಿಟ್ಟ ಕೂಡಲೇ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಓಡುವ ಚಕ್ರ ಅದನ್ನು ಥಟ್ಟನೆ ಒತ್ತಿ ಬೊಗಸೆಗೂ ಕಡಿಮೆ ಜಾಗಕ್ಕೆ ತುರುಕುತ್ತದೆ. ಆ ಒತ್ತಡಕ್ಕೇ ಗಾಳಿ ಕಾದು, ಅದರೊಳಗೆ ಚಿಮ್ಮಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಓಟ ಸಾಲದಿದ್ದರೆ ಹೊತ್ತುವುದಿಲ್ಲ, ಇಲ್ಲವೇ ಅರೆಬರೆ ಹೊತ್ತಿ ಹ್ಯಾಂಡಲ್ಲು ಹಿಂದಕ್ಕೆ ಒದೆಯುತ್ತದೆ.

ಆ ಮಾಗಿಯಲ್ಲಿ ಅದು ಅಪ್ಪನನ್ನು ಒದೆಯಿತು. ಜ್ವರದಿಂದ ಎದ್ದವನ ರಟ್ಟೆಯಲ್ಲಿ ಕಸುವಿರಲಿಲ್ಲ. ಮುಂಗೈ ಮೂಳೆ ಮುರಿದ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಬಿದಿರ ದಬ್ಬೆ ಕಟ್ಟಿಸಿಕೊಂಡು ಅಪ್ಪ ಮಂಚ ಹಿಡಿದ. ಸಂತೆಯ ದಿನದೊಳಗೆ ಗಿರಣಿ ಶುರುವಾಗದಿದ್ದರೆ ಹೊಸದುರ್ಗದಿಂದ ಬೇರೆ ಆಳು ಬರುತ್ತಾನೆ, ಅವನಿಗೆ ಕೋಣೆಗಳೂ ಬೇಕಾಗುತ್ತವೆ ಎಂದು ಸಾಹುಕಾರರು ಹೇಳಿ ಕಳಿಸಿದರು.

ನಾನು ತಿರುಗಿಸುತ್ತೇನೆ ಎಂದಳು ಅವ್ವ. ಗಂಡಸಿನ ಮೂಳೆಯೇ ಮುರಿದಿರುವಾಗ ನಿನ್ನದೇನು ಲೆಕ್ಕ ಎಂದು ಅಜ್ಜಿ ಗೊಣಗಿದಳು, ಕಡೆಗೆ ಬೇರೆ ದಾರಿ ಕಾಣದೆ ಒಪ್ಪಿದಳು. ಆದರೆ ಬಳೆ ತೆಗೆಯಕೂಡದು ಎಂದಳು. ಅವ್ವ ಬಳೆಗಳನ್ನು ಮೇಲಕ್ಕೆ ಸರಿಸಿ, ಹಳೇ ಸೀರೆಯ ಅಂಚು ಸುತ್ತಿ ಬಿಗಿದುಕೊಂಡಳು. ಹಿಡಿ ಎತ್ತುವ ಕೆಲಸ ನನಗೆ ಬಂತು. ಎಟುಕದ್ದಕ್ಕೆ ಹಿಟ್ಟಿನ ಡಬ್ಬ ಬೋರಲು ಹಾಕಿ ಅದರ ಮೇಲೆ ನಿಂತೆ.

ಅಜ್ಜಿಯದು ಎಲ್ಲಕ್ಕೂ ಒಂದೇ ಮಂತ್ರ, ನಿಧಾನವೇ ಪ್ರಧಾನ. ಹಾಲು ಕಾಯಿಸಲೂ ಅದೇ, ಹೆಣ್ಣು ನೋಡಲೂ ಅದೇ. ಅವತ್ತೂ ಬಾಗಿಲಲ್ಲಿ ಕೂತು ಅದನ್ನೇ ಹೇಳಿದಳು. ಮೊದಲೇ ಹೆದರಿದ್ದ ಅವ್ವ ಆ ಮಾತು ನಂಬಿ ಮೆಲ್ಲಗೆ ತಿರುಗಿಸಿ "ಬಿಡು" ಅಂದಳು. ಬಿಟ್ಟೆ. ಚಕ್ರ ಏದುಸಿರು ಬಿಟ್ಟು ನಿಂತಿತು. ಮತ್ತೆ ತಿರುಗಿಸಿದಳು, ಮತ್ತೆ ನಿಂತಿತು. ಕೊನೆಗೊಮ್ಮೆ ಒಳಗೆ ಡುಬ್ ಎಂದು ಹ್ಯಾಂಡಲ್ಲು ಕಳಚಿಕೊಂಡು ಅವ್ವನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ಸುಣ್ಣ ಉದುರಿತು. ಕಾದು ಕೂತಿದ್ದ ಹೆಂಗಸರು ಪುಟ್ಟಿ ಎತ್ತಿಕೊಂಡು ಹೋದರು.

ಸದ್ದು ಕೇಳಿ ಅಪ್ಪ ದಬ್ಬೆ ಕಟ್ಟಿದ ಕೈ ಎದೆಗೊತ್ತಿಕೊಂಡು ಎದ್ದು ಬಂದ.

"ನಮ್ಮಮ್ಮನ ಮಾತು ಕೇಳಬ್ಯಾಡ. ಮೆಲ್ಲಗೆ ಒತ್ತಿದ್ರೆ ಗಾಳಿ ಕಾವೆಲ್ಲ ಕಬ್ಬಿಣ ಕುಡೀತೈತೆ. ಕಾವಿಗೆ ಓಡಿಹೋಗಾಕೆ ಟೈಮೇ ಕೊಡಬಾರ್ದು," ಅಂದ.

"ಜೋರಾಗಿ ತಿರುಗ್ಸಿದ್ರೆ ಒದೆಯೋದೂ ಜೋರಾಗೇ ಅಲ್ವೇನ್ರಿ?" ಅವ್ವ ಕೇಳಿದಳು.

"ಅರೆಬರೆ ತಿರುಗಿಸ್ದೋರಿಗೇ ಅದು ಒದೆಯೋದು. ನನ್ ಕೈ ನೋಡು."

ಆಮೇಲೆ ನನ್ನ ಕಡೆ ತಿರುಗಿದ. ಚಕ್ರದ ಅಂಚಿನಲ್ಲಿ ಪೂಜೆಯ ಕುಂಕುಮದ ಬೊಟ್ಟಿತ್ತು. ಅದನ್ನು ತೋರಿಸಿ ಹೇಳಿದ: "ಶಾಂತಿ, ನಿಮ್ಮವ್ವ ಅಂದಳು ಅಂತ ಹಿಡಿ ಬಿಡಬ್ಯಾಡ. ಬೊಟ್ಟು ಎಳಕೊಂಡು ಗೆರೆ ಆದಾಗ ಬಿಡು. ಸೋತ ಚಕ್ರಕ್ಕೆ ಬಿಟ್ಟೆ ಅಂದ್ರೆ ಅವಳ ಕೈ ಹೋಗ್ತೈತೆ."

ಮಾರನೆಯ ಬೆಳಿಗ್ಗೆ ಕಬ್ಬಿಣ ಮುಟ್ಟಿದರೆ ಚುಚ್ಚುವಷ್ಟು ಚಳಿ. ಸಂತೆಗೆ ಅದೊಂದೇ ದಿನ ಉಳಿದಿತ್ತು. ಅವ್ವ ಸೆರಗು ಸಿಕ್ಕಿಸಿ ತಿರುಗಿಸತೊಡಗಿದಳು. ಚಕ್ರ ಹತ್ತಿತು, ಓಡಿತು. "ಬಿಡು," ಅಂದಳು. ನೋಡಿದೆ. ಬೊಟ್ಟು ಇನ್ನೂ ಬೊಟ್ಟಾಗಿಯೇ ಸುತ್ತುತ್ತಿತ್ತು. ಬಿಡಲಿಲ್ಲ. "ಬಿಡೇ ಅಂದೆ," ಎಂದಳು, ಉಸಿರು ಕಟ್ಟಿ. ಅವ್ವನ ಮಾತು ಮೀರಿ ಗೊತ್ತಿಲ್ಲದವಳು ನಾನು. ಬೆರಳು ಜೋಮು ಹಿಡಿಯಿತು. ಈಗ ಬಿಟ್ಟರೆ ಕೈ ಹೋಗುತ್ತದೆ, ಬಿಡದಿದ್ದರೆ ಅವಳಿಗೆ ಕಸುವೇ ಉಳಿಯುವುದಿಲ್ಲ. ಅವ್ವನಿಗೆ ನನ್ನ ಮೇಲೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟನ್ನೆಲ್ಲ ಹ್ಯಾಂಡಲ್ಲಿಗೆ ಹಾಕಿದಳು. ಬೊಟ್ಟು ಉದ್ದವಾಯಿತು, ಬಾಲ ಬಂತು, ಗೆರೆಯಾಯಿತು.

ಬಿಟ್ಟೆ.

ಒಂದು ಗಳಿಗೆ ಚಕ್ರ ತಡವರಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಡಬ್ ಎಂದಿತು, ಇನ್ನೊಮ್ಮೆ ಎಂದಿತು, ಮಾಡಿನ ಮೇಲಿನ ಹೊಗೆಕೊಳವೆಯಲ್ಲಿ ಟುಕ್ ಟುಕ್ ಶುರುವಾಯಿತು. ಅವ್ವ ನೆಲದ ಮೇಲೆ ಕೂತು ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡಳು. ಬಟ್ಟೆ ಬಿಚ್ಚಿದಾಗ ಬಳೆಗಳೂ ಹಾಗೇ ಇದ್ದವು.

"ಯಾಕೇ ಬಿಡಲಿಲ್ಲ?" ಅಂದಳು.

"ಬೊಟ್ಟು ಇನ್ನೂ ಬೊಟ್ಟಾಗೇ ಇತ್ತವ್ವ."

ಅವಳು ನಗುತ್ತಾ ಅತ್ತಳೋ, ಅಳುತ್ತಾ ನಕ್ಕಳೋ. ನಾನಂತೂ ಜೋರಾಗಿ ಅತ್ತೆ. ಹೊತ್ತೇರುವಷ್ಟರಲ್ಲಿ ಬಾಗಿಲ ತುಂಬ ಪುಟ್ಟಿಗಳಿದ್ದವು.

ಅಪ್ಪನ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಗಿರಣಿಯ ಕೆಲಸ ಅವನು ನೋಡಿಕೊಂಡ, ಚಕ್ರ ಮಾತ್ರ ಅವ್ವನ ಪಾಲಿಗೇ ಉಳಿಯಿತು. ಅವಳು ಮತ್ತೆಂದೂ ನನಗೆ "ಬಿಡು" ಅನ್ನಲಿಲ್ಲ. ಕಣ್ಣು ಮುಚ್ಚಿ ತಿರುಗಿಸುತ್ತಿದ್ದಳು.

ಮುಂದೆ ಚಿತ್ರದುರ್ಗದ ಕಾಲೇಜಿನಲ್ಲಿ ಮೇಷ್ಟರು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ಗಾಳಿಯನ್ನು ನಿಧಾನಕ್ಕೆ ಅರ್ಧ ಜಾಗಕ್ಕೆ ಒತ್ತಿದರೆ ಒತ್ತಡ ಎರಡು ಪಟ್ಟಾಗುತ್ತದೆ. ಶಾಖ ಹೊರಗೆ ಹೋಗಲು ಬಿಡುವು ಕೊಡದೆ ಒತ್ತಿದರೆ ಗಾಳಿ ಕಾಯುವುದರಿಂದ ಒತ್ತಡ ಎರಡು ಪಟ್ಟನ್ನೂ ಮೀರುತ್ತದೆ, ಅದಕ್ಕೇ ಈ ಗೆರೆ ಕಡಿದಾಗಿದೆ ಎಂದರು. ಎಲ್ಲರೂ ಬರೆದುಕೊಂಡರು. ನನಗೆ ಆ ಕಡಿದಾದ ಗೆರೆ ಕೆಂಪಗೆ ಕಂಡಿತು.

ಈಗ ಊರಿನ ಗಿರಣಿಗೆ ಮೋಟಾರಿದೆ. ಗುಂಡಿ ಒತ್ತಿದರೆ ಕಲ್ಲು ತಿರುಗುತ್ತದೆ. ಯಾರ ಮೂಳೆಯೂ ಮುರಿಯುವುದಿಲ್ಲ, ಒಳ್ಳೆಯದೇ ಆಯಿತು. ಅವ್ವನೂ ಇಲ್ಲ. ನನ್ನ ಬದುಕಿನಲ್ಲಿ ಜನ ನನ್ನನ್ನು ನಂಬಿ ಮನೆ ಕೀಲಿ ಕೊಟ್ಟಿದ್ದಾರೆ, ಕೂಸುಗಳನ್ನು ಬಿಟ್ಟು ಹೋಗಿದ್ದಾರೆ. ಆದರೆ ತನ್ನ ಕೈಯನ್ನೇ ನನ್ನ ಬೆರಳಿಗೆ ಒಪ್ಪಿಸಿ, ಕಣ್ಣು ಮುಚ್ಚಿ, ಇದ್ದಬದ್ದ ಕಸುವನ್ನೆಲ್ಲ ಹಾಕಿ ಚಕ್ರ ತಿರುಗಿಸಿದವಳು ಅವಳೊಬ್ಬಳೇ.