ಮುದ್ದೆಯೂ ಸಮುದ್ರವೂ

ರಾಗಿಮುದ್ದೆಯನ್ನು ಅಗಿಯಕೂಡದು, ನುಂಗಬೇಕು ಎಂಬ ಶಾಸನವನ್ನು ಮಳವಳ್ಳಿ ಸೀಮೆಯಲ್ಲಿ ಯಾರೂ ಕಲ್ಲಿನಲ್ಲಿ ಕೆತ್ತಿಸಿಲ್ಲವಾದರೂ, ಅದನ್ನು ಮುರಿದವನಿಗೆ ಆಗುವ ಶಿಕ್ಷೆ ಏನೆಂದು ನಾನು ಬಲ್ಲೆ. ಓದುಗ ಮಹಾಶಯರೇ, ನಾನು ಮೈಸೂರಿನ ಗುಮಾಸ್ತರೊಬ್ಬರ ಮಗ. ನಮ್ಮ ತಂದೆಯವರು ಕಚೇರಿಯ ಕುರ್ಚಿ ಏರಿದ ದಿನವೇ ಮುದ್ದೆಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದ್ದರಿಂದ, ಅನ್ನವನ್ನು ಸಾವಧಾನವಾಗಿ ಅಗಿದು ತಿನ್ನುವುದೇ ನಾಗರಿಕತೆಯೆಂದು ನಂಬಿ ಬೆಳೆದವನು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನನ್ನ ಬಳಿ ವಿಜ್ಞಾನದ ಪದವಿ ಇತ್ತು, ಉದ್ಯೋಗ ಇರಲಿಲ್ಲ. ಹಾಗಾಗಿ ಆ ಮಳವಳ್ಳಿ ಸೀಮೆಯ ಕಿರುಗಾವಲಿನ ಬಳಿಯ ಮಾವನವರ ಮನೆಯಲ್ಲಿ ಮನೆಯಳಿಯನಾಗಿ ಬಿಡಾರ ಹೂಡಿದೆ. ಅಕ್ಕಿಗೆ ತತ್ವಾರ, ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು. ನಾನು ಮೊದಲ ತುತ್ತನ್ನು ದವಡೆಗೆ ಒಪ್ಪಿಸುವಷ್ಟರಲ್ಲಿ ಭಾವಮೈದುನರು ಊಟ ಮುಗಿಸಿ, ಕೈ ತೊಳೆದು, ನನ್ನ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ಒಮ್ಮೆ ಹಿರಿಯವನು ಕಿರಿಯವನಿಗೆ ಹೇಳಿದ: “ಭಾವ ಮೆಲುಕಾಕ್ತಾವ್ರೆ ಕಣ್ಲಾ.”

ನಾನೂ ನಕ್ಕೆ. ಬಡಿಸುತ್ತಿದ್ದ ನನ್ನಾಕೆ ನಿಂಗಾಜಮ್ಮ ನಗಲಿಲ್ಲ. ಸಂಜೆ ಕೊಟ್ಟಿಗೆಯ ಹಿಂದೆ ನಿಂತು, ನೆಲ ನೋಡುತ್ತ, “ನಮ್ದೂ ಅಂತ ಒಂದು ಒಲೆ ಇದ್ರೆ ಸಾಕು. ಅಗೀರಿ, ನುಂಗೀರಿ, ಯಾರ್ ಕೇಳಾರು” ಎಂದಳು. ಅಂದಿನಿಂದ ನನಗೆ ಕೆಲಸ ಬೇಕೆನಿಸಿತು. ಅದುವರೆಗೆ ಕೆಲಸ ಬೇಕೆಂದು ಬಾಯಲ್ಲಿ ಹೇಳುತ್ತಿದ್ದೆ, ಅಷ್ಟೆ.

ಮದ್ದೂರಿನ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟರ ಜಾಗ ಖಾಲಿಯಾಯಿತು. ಊರ ಹಿರಿಯರ ಮುಂದೆ ಒಂದು ಪಾಠ ಮಾಡಿ ಒಪ್ಪಿಗೆ ಪಡೆಯಬೇಕಿತ್ತು. ನಾನು ಆರಿಸಿಕೊಂಡದ್ದು ಸಮುದ್ರದಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ, ಅಂದರೆ ಪ್ಲವಕಗಳ ಆಹಾರ ಸಂಪಾದನೆ. ಸಮುದ್ರವನ್ನು ನಾನು ಕಂಡಿರಲಿಲ್ಲ. ಅವರೂ ಕಂಡಿರಲಿಲ್ಲವೆಂಬುದೇ ನನ್ನ ಧೈರ್ಯ. ಪ್ರವಾಹದ ವಿರುದ್ಧ ಈಜುವ ಶಕ್ತಿಯಿಲ್ಲದೆ, ನೀರು ಒಯ್ದಲ್ಲಿಗೆ ಹೋಗಿ, ಎದುರಿಗೆ ಬಂದದ್ದನ್ನು ತಿಂದು ಬದುಕುವ ಪ್ರಾಣಿಗಳ ಬಗ್ಗೆ ಬೋಧಿಸಲು ಮನೆಯಳಿಯನಿಗಿಂತ ಅರ್ಹರು ಯಾರಿದ್ದಾರೆ?

ಅವುಗಳಲ್ಲಿ ಸಸ್ಯಜಾತಿಯವು ನೀರಿನ ಲವಣಗಳನ್ನು ಹೀರಿ, ಬಿಸಿಲನ್ನೇ ಬಳಸಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತವೆ, ಪ್ರಾಣಿಜಾತಿಯವು ಆ ಸಸ್ಯಗಳನ್ನು ತಿನ್ನುತ್ತವೆ, ಕೆಲವಕ್ಕೆ ಬಾಯಿಯೂ ಇಲ್ಲ, ಹಲ್ಲೂ ಇಲ್ಲ ಎಂದೆಲ್ಲ ಗಂಭೀರವಾಗಿ ನಿರೂಪಿಸುತ್ತಿದ್ದೆ. ಮುಂದಿನ ಬೆಂಚಿನಲ್ಲಿ ಇಬ್ಬರು ಹಿರಿಯರು ಆಗಲೇ ತೂಕಡಿಸುತ್ತಿದ್ದರು. ಗಾಡಿ ಕಟ್ಟಿಕೊಂಡು ನನ್ನೊಡನೆ ಬಂದಿದ್ದ ಮಾವನವರು ಬಾಗಿಲ ಬಳಿ ಕೂತು ಬೆವರೊರೆಸಿಕೊಳ್ಳುತ್ತಿದ್ದರು. ಆಗ ವಯಸ್ಸಾದ ಪಟೇಲರೊಬ್ಬರು ಕೇಳಿದರು: “ಅಲ್ಲ ಮೇಷ್ಟ್ರೇ, ಬಾಯಿಲ್ದೆ ಅಲ್ಲಿಲ್ದೆ ಎಂಗ್ ತಿಂತವೆ?”

ಪುಸ್ತಕದ ವಾಕ್ಯ ನಾಲಗೆಯ ತುದಿಯಲ್ಲಿತ್ತು, ಬರಲಿಲ್ಲ. ನಿಂಗಾಜಮ್ಮನ ಒಲೆ ಕಣ್ಣ ಮುಂದೆ ಬಂತು. ಮಾವನವರ ಕಡೆ ನೋಡಿದೆ. ಅವರು ಮುದ್ದೆ ನುಂಗುವ ರೀತಿ ನೆನಪಾಗಿ ಹೇಳಿದೆ:

“ಮುದ್ದೆ ತಿಂದ ಹಾಗೆ, ಸ್ವಾಮಿ. ತುತ್ತನ್ನು ಸುತ್ತಲಿಂದ ಅಪ್ಪಿಕೊಂಡು, ಅಗಿಯದೆ ಇಡಿಯಾಗಿ ಒಳಗೆ ತೆಗೆದುಕೊಳ್ಳುತ್ತವೆ. ಅಗಿಯುವ ಪದ್ಧತಿಯೇ ಅವಕ್ಕೆ ಗೊತ್ತಿಲ್ಲ.”

ತೂಕಡಿಸುತ್ತಿದ್ದವರು ಎಚ್ಚೆತ್ತರು. ಪಟೇಲರು ತೊಡೆ ತಟ್ಟಿದರು. “ಅಂಗಾರೆ ಅವು ನಮ್ ಮಂಡ್ಯದ ಕಡೇವೇ ಬುಡಿ.”

ಕೆಲಸ ಸಿಕ್ಕಿತು. ಹಿಂದಿರುಗುವಾಗ ಮಾವನವರು ಗಾಡಿ ಹೊಡೆಯುತ್ತಲೇ ಕೇಳಿದರು: “ಇಷ್ಟೆಲ್ಲಾ ಗೊತ್ತಿದ್ದೂ ಮನೇಲಿ ಯಾಕ್ ಅಗೀತಿದ್ರಿ, ಅಳಿಮಯ್ಯ?”

ಮದ್ದೂರಿನ ಬಾಡಿಗೆ ಮನೆಯಲ್ಲಿ ಹೊಸ ಒಲೆ ಹೊತ್ತಿದ ದಿನ ನಿಂಗಾಜಮ್ಮ ಮುದ್ದೆ ಕಟ್ಟಿದಳು. ಪಾಠ ಮಾಡಿದವನು ಪಾಲಿಸಬೇಡವೇ? ತುತ್ತನ್ನು ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ, ಪ್ಲವಕಗಳನ್ನು ಸ್ಮರಿಸಿ ನುಂಗಿದೆ. ಸಲೀಸಾಗಿ ಇಳಿಯಿತು. ಶಹಭಾಸ್‌ಗಿರಿಗಾಗಿ ಕಣ್ಣು ತೆರೆದರೆ, ಎದುರಿಗೆ ಕೂತ ನಿಂಗಾಜಮ್ಮ, ಆ ಸೀಮೆಯಲ್ಲೇ ಹುಟ್ಟಿ ಒಂದು ತುತ್ತನ್ನೂ ಅಗಿದರಿಯದವಳು, ಬಾಯಿ ಮುಚ್ಚಿಕೊಂಡು ಮೆಲ್ಲಗೆ ಅಗಿಯುತ್ತಿದ್ದಳು.

“ಅಗುದ್ರೆ ಸೀಯಾಯ್ತದೆ, ನೋಡಿ,” ಎಂದಳು.

ಅಗಿದಾಗ ಬಾಯಿಯ ಜೊಲ್ಲು ಹಿಟ್ಟಿನ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆಂದು ವಿಜ್ಞಾನದ ಮೇಷ್ಟರಿಗೆ ಗೊತ್ತಿತ್ತು. ನಾನು ಇನ್ನೊಂದು ತುತ್ತು ಮುರಿದೆ, ಅವಳ ಜೊತೆಗೆ ಅಗಿದೆ.